ಬಳ್ಳಿಗಾವಿ, ತಾಳಗುಂದ, ಬಂದಳಿಕೆ: ಗೈಡ್ ಜೊತೆ ಒಂದು ದಿನದ ಸುತ್ತಾಟಕ್ಕೆ ತಯಾರಿ ಹೇಗೆ?

"ಬಳ್ಳಿಗಾವಿ, ತಾಳಗುಂದ, ಬಂದಳಿಕೆ ಮೂರನ್ನೂ ಶಿವಮೊಗ್ಗದಿಂದ ಹೊರಟು ಒಂದೇ ದಿನದಲ್ಲಿ ನೋಡಿ ಬರಬಹುದಾ? ಅಲ್ಲಿ ಗೈಡ್ ಸಿಗ್ತಾರಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮೊದಲನೆಯದಕ್ಕೆ ಉತ್ತರ ಹೌದು, ಬೆಳಿಗ್ಗೆ ಬೇಗ ಹೊರಟರೆ. ಎರಡನೆಯದಕ್ಕೆ ಉತ್ತರ: ಹಂಪಿಯ ಹಾಗೆ ಬಾಗಿಲಲ್ಲೇ ಗೈಡ್ ಕಾದು ನಿಂತಿರುತ್ತಾರೆ ಎಂದು ನಂಬಿ ಹೋಗಬೇಡಿ, ಮೊದಲೇ ಗೊತ್ತು ಮಾಡಿ ಜೊತೆಗೆ ಕರೆದುಕೊಂಡು ಹೋಗಿ.

ಗೈಡ್ ಇಲ್ಲದೆ ಯಾಕಾಗಬಾರದು ಎಂದರೆ, ಹಳೆಯ ಗುಡಿ, ಶಾಸನಗಳಿರುವ ಈ ಮೂರು ಊರುಗಳಲ್ಲಿ ನೋಡುವುದಕ್ಕಿಂತ ಓದುವುದು ಹೆಚ್ಚು. ತಾಳಗುಂದದಲ್ಲಿ ಕಣ್ಣಿಗೆ ಬೀಳುವುದು ಒಂದು ಸಾಧಾರಣ ಗುಡಿ, ಅದರ ಮುಂದೊಂದು ಕಂಬ. ಕಂಬದಲ್ಲಿ ಏನು ಬರೆದಿದೆ ಎಂದು ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಮತ್ತೆ ಗಾಡಿ ಹತ್ತುತ್ತೀರಿ. ಕನ್ನಡನಾಡಿನ ಮೊದಲ ರಾಜಮನೆತನವಾದ ಕದಂಬರ ಕಥೆ ಆ ಕಂಬದಲ್ಲೇ ಉಳಿದುಬಿಡುತ್ತದೆ.

ಹಂತ 1: ತಿಂಗಳು ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಶಿಕಾರಿಪುರದ ಕಡೆ ಅರೆಮಲೆನಾಡು, ತೀರ್ಥಹಳ್ಳಿ, ಹೊಸನಗರದಷ್ಟು ಮಳೆ ಇಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡಿಗಳ ಕಲ್ಲುಹಾಸು ಪಾಚಿ ಕಟ್ಟಿ ಜಾರುತ್ತದೆ, ಬಂದಳಿಕೆಯಲ್ಲಿ ಗಿಡಗಂಟಿ ಬೆಳೆದು ಬಿಡಿ ಕಲ್ಲುಗಳು ಕಾಣುವುದೇ ಇಲ್ಲ. ಮಾರ್ಚ್ ಕಳೆದ ಮೇಲೆ ಹೋದರೆ ತೊಂದರೆ ಬೇರೆ ತರಹದ್ದು. ಗುಡಿಯೊಳಗೆ ಬರಿಗಾಲು, ಮಧ್ಯಾಹ್ನದ ಹೊತ್ತಿಗೆ ಅಂಗಳದ ಕಲ್ಲು ಕಾದ ಹಂಚಾಗಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ದಪ್ಪ ಕಾಲುಚೀಲ ಒಂದು ಜೊತೆ ಇಟ್ಟುಕೊಳ್ಳಿ.

ವಾರದ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ. ಬಳ್ಳಿಗಾವಿಯ ಕೇದಾರೇಶ್ವರದಲ್ಲಿ ಈಗಲೂ ಪೂಜೆ ನಡೆಯುತ್ತದೆ. ಶಿವರಾತ್ರಿ, ಕಾರ್ತಿಕ ಸೋಮವಾರದಂಥ ದಿನ ಹೋದರೆ ದೇವರ ದರ್ಶನ ಚೆನ್ನಾಗಿ ಆಗುತ್ತದೆ, ಶಾಸನದ ಮುಂದೆ ನಿಂತು ಮಾತಾಡಲು ಜಾಗ ಸಿಗುವುದಿಲ್ಲ.

ಹಂತ 2: ಗೈಡ್ ಗೊತ್ತು ಮಾಡಿಕೊಳ್ಳಿ

ಇಡೀ ತಯಾರಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಕನಿಷ್ಠ ಎರಡು ವಾರ ಮೊದಲೇ ಶುರು ಮಾಡಿ. ಹುಡುಕಲು ಮೂರು ದಾರಿ ಇವೆ: ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ತರಬೇತಿ ಪಡೆದ ಮಾರ್ಗದರ್ಶಿಗಳ ಬಗ್ಗೆ ವಿಚಾರಿಸುವುದು, ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಕಾಲೇಜುಗಳ ಇತಿಹಾಸ ಉಪನ್ಯಾಸಕರನ್ನು ಕೇಳುವುದು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಶಾಸನ ಓದುವ ಸಂಶೋಧನಾ ವಿದ್ಯಾರ್ಥಿಗಳನ್ನು ಕೇಳುವುದು. ನಮ್ಮ ಶಿಫಾರಸು ಮೂರನೆಯದಕ್ಕೆ. ಚಿಕ್ಕ ವಯಸ್ಸಿನವರು ಬಿಸಿಲಲ್ಲಿ ದಣಿಯುವುದಿಲ್ಲ, ಎದುರು ಪ್ರಶ್ನೆ ಕೇಳಿದರೆ ಸಿಟ್ಟಾಗುವುದೂ ಇಲ್ಲ.

ಫೋನಿನಲ್ಲಿ ಮಾತಾಡುವಾಗ ಎರಡು ಪ್ರಶ್ನೆ ಕೇಳಿ ನೋಡಿ. ಒಂದು, "ತಾಳಗುಂದದ ಕಂಬದ ಶಾಸನ ಯಾವ ಭಾಷೆಯದು?" ಕನ್ನಡ ಎಂದರೆ ನಯವಾಗಿ ಫೋನ್ ಇಡಿ, ಅದು ಸಂಸ್ಕೃತ ಕಾವ್ಯ. ಎರಡು, "ಬನವಾಸಿ 12000 ಅಂದರೆ ಏನು?" ಅದು ಒಂದು ನಾಡಿನ ಹೆಸರು. ಪಕ್ಕದ ಸಂಖ್ಯೆ ಹಳ್ಳಿಗಳ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂದು ವಿದ್ವಾಂಸರಲ್ಲೇ ಒಮ್ಮತವಿಲ್ಲ. ಗೈಡ್ ಆದವರು ಆ ಚರ್ಚೆಯಾದರೂ ಇದೆ ಎಂದು ಹೇಳಬೇಕು. ಒಂದೇ ಉತ್ತರವನ್ನು ಅಡ್ಡಗೋಡೆಯಂತೆ ಕಟ್ಟಿ ನಿಲ್ಲಿಸುವವರು ಎಲ್ಲಾ ಕಡೆಯೂ ಹಾಗೇ ಮಾಡುತ್ತಾರೆ.

ಮಾತು ಪಕ್ಕಾ ಮಾಡುವಾಗ ಇವನ್ನು ಬಾಯಿಬಿಟ್ಟು ಹೇಳಿ: ಬೆಳಿಗ್ಗೆ ಎಲ್ಲಿಂದ ಹತ್ತಿಕೊಳ್ಳುತ್ತಾರೆ, ಸಂಜೆ ಎಲ್ಲಿ ಇಳಿಯುತ್ತಾರೆ, ಊಟ ಯಾರದು, ಸಂಭಾವನೆ ಇಡೀ ಗುಂಪಿಗೋ ತಲೆಗಿಷ್ಟೋ. ಉಪನ್ಯಾಸಕರು ಸಂಕೋಚಕ್ಕೆ "ಅದೇನು ಬಿಡಿ" ಎನ್ನುತ್ತಾರೆ. ನೀವು ಬಿಡಬೇಡಿ. ಮೊತ್ತ ಮೊದಲೇ ತೀರ್ಮಾನವಾದರೆ ಇಬ್ಬರಿಗೂ ಮುಜುಗರ ತಪ್ಪುತ್ತದೆ.

ಒಬ್ಬ ಗೈಡ್‌ಗೆ 12 ರಿಂದ 15 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಹಿಂದೆ ನಿಂತವರಿಗೆ ಕಂಬವೂ ಕಾಣುವುದಿಲ್ಲ, ಮಾತೂ ಕೇಳುವುದಿಲ್ಲ. ಅವರು ಫೋಟೊ ತೆಗೆಯಲು ಚದುರುತ್ತಾರೆ, ಅವರನ್ನು ಒಟ್ಟು ಮಾಡುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಹಂತ 3: ಗಾಡಿ ಮತ್ತು ದಾರಿ

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದು ಶಿಕಾರಿಪುರ, ಅಲ್ಲಿಂದ ಶಿರಾಳಕೊಪ್ಪದ ದಾರಿ. ಬಳ್ಳಿಗಾವಿ ಶಿವಮೊಗ್ಗದಿಂದ ಸುಮಾರು 72 ಕಿ.ಮೀ., ಶಿಕಾರಿಪುರದಿಂದ 21 ಕಿ.ಮೀ. ಶಿರಾಳಕೊಪ್ಪಕ್ಕೆ ತೀರಾ ಹತ್ತಿರ. ತಾಳಗುಂದವೂ ಅಲ್ಲೇ ಕೆಲವು ಕಿಲೋಮೀಟರ್ ಆಚೆ. ಬಂದಳಿಕೆ ಶಿಕಾರಿಪುರದಿಂದ ಸುಮಾರು 35 ಕಿ.ಮೀ. ಒಳದಾರಿಗಳೂ ಸೇರಿ ಇಡೀ ಸುತ್ತಿಗೆ 200 ಕಿ.ಮೀ. ಆಸುಪಾಸು ಹಿಡಿಯಿರಿ.

ಹತ್ತು ಹನ್ನೆರಡು ಜನರಿದ್ದರೆ ಟಿಟಿ (ಟೆಂಪೊ ಟ್ರಾವೆಲರ್) ಸರಿ. ಬಾಡಿಗೆ ಮಾತಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ ಹಾಕುತ್ತಾರೆ ಎಂದು ಕೇಳಿಕೊಳ್ಳಿ. ನೀವು ಓಡಿದ್ದು 200 ಆದರೂ ಅವರ ಕನಿಷ್ಠ ಅದಕ್ಕಿಂತ ಹೆಚ್ಚಿದ್ದರೆ ಕೊಡಬೇಕಾದ್ದು ಕನಿಷ್ಠದ ದುಡ್ಡು. ಮೀಟರ್ ಶುರುವಾಗುವುದು ಗಾಡಿ ಶೆಡ್ ಬಿಟ್ಟಲ್ಲಿಂದ, ನಿಮ್ಮ ಮನೆ ಬಾಗಿಲಿಂದಲ್ಲ. ಡ್ರೈವರ್ ಬಾಟಾ ಒಳಗೋ ಹೊರಗೋ ಎಂಬುದನ್ನೂ ಕೇಳಿ. ದೊಡ್ಡ ಬಸ್ ಬೇಡ, ಹಳ್ಳಿ ದಾರಿಯಲ್ಲಿ ತಿರುಗಿಸುವುದೇ ಕಷ್ಟ.

ಮ್ಯಾಪ್ ವಿಷಯದಲ್ಲಿ ಎಚ್ಚರ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಳ್ಳಿಗಾವಿ ಎಂದು ಹೊಡೆಯಲು ಹೋಗಿ ಒಂದಕ್ಷರ ಆಚೀಚೆ ಆದರೆ ಅದು ಬೆಳಗಾವಿ ನಗರಕ್ಕೆ ದಾರಿ ತೋರಿಸುತ್ತದೆ. ಹಳೆಯ ಬರಹಗಳಲ್ಲಿ ಈ ಊರಿಗೆ ಬೆಳಗಾಮಿ ಎಂದೇ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ತಾಳಗುಂದವನ್ನು ತಾಳಗುಪ್ಪ ಎಂದುಕೊಂಡು ರೈಲಿನ ಟಿಕೆಟ್ ಹುಡುಕುವವರೂ ಇದ್ದಾರೆ. ತಾಳಗುಪ್ಪ ಇರುವುದು ಸಾಗರ ತಾಲ್ಲೂಕಿನಲ್ಲಿ, ರೈಲಿನ ಕೊನೆಯ ನಿಲ್ದಾಣ. ಆದ್ದರಿಂದ ಹಿಂದಿನ ರಾತ್ರಿಯೇ ಮೂರೂ ಗುಡಿಗಳ ಜಾಗವನ್ನು ಗುಡಿಯ ಹೆಸರಿನಿಂದಲೇ (ಕೇದಾರೇಶ್ವರ, ಪ್ರಣವೇಶ್ವರ, ಬಂದಳಿಕೆಯ ಸೋಮೇಶ್ವರ) ಹುಡುಕಿ ಉಳಿಸಿಕೊಳ್ಳಿ. ಒಳದಾರಿಗಳಲ್ಲಿ ನೆಟ್‌ವರ್ಕ್ ಕೈಕೊಡಬಹುದು, ಮ್ಯಾಪನ್ನೂ ಡೌನ್‌ಲೋಡ್ ಮಾಡಿಟ್ಟುಕೊಂಡಿರಿ.

ಇದೇ ದಿನಕ್ಕೆ ಬನವಾಸಿಯನ್ನೋ ಜೋಗವನ್ನೋ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಿದರೆ ಬಂದಳಿಕೆ ಬಿಟ್ಟುಹೋಗುತ್ತದೆ ಅಥವಾ ಕತ್ತಲಲ್ಲಿ ತಲುಪುತ್ತೀರಿ. ಬನವಾಸಿಗೆ ಇನ್ನೊಂದು ದಿನ ಇಡಿ. ಅವತ್ತು ಆನವಟ್ಟಿ ಪಕ್ಕದ ಕುಬಟೂರಿನ ಕೈಟಭೇಶ್ವರವನ್ನೂ ಕೂಡಿಸಿಕೊಂಡರೆ ಅದೇ ಒಂದು ಒಳ್ಳೆಯ ಸುತ್ತಾಗುತ್ತದೆ.

ಹಂತ 4: ಚೀಲದಲ್ಲಿ ಏನಿರಬೇಕು

ತಲೆಗೆ ಎರಡು ಲೀಟರ್ ನೀರು, ಟೋಪಿ ಅಥವಾ ಛತ್ರಿ, ಬೇಗ ಬಿಚ್ಚಿ ಹಾಕಲು ಬರುವ ಚಪ್ಪಲಿ, ಬಂದಳಿಕೆಗೆ ಬೇರೆ ಶೂ. ಇವು ಎಲ್ಲರಿಗೂ ಹೊಳೆಯುತ್ತವೆ. ಜನ ಮರೆಯುವುದು ಮೂರನ್ನು.

ಟಾರ್ಚ್. ಗರ್ಭಗುಡಿಯ ಕತ್ತಲಿಗೂ ಬೇಕು, ಶಾಸನ ಓದಲಿಕ್ಕೂ ಬೇಕು. ಸವೆದ ಅಕ್ಷರದ ಮೇಲೆ ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಕಲ್ಲಿನ ಪಕ್ಕಕ್ಕೆ ನಿಂತು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಹಿಡಿದರೆ ಕೊರೆದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಸುಣ್ಣ, ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿದು ಓದುವ ಹಳೆಯ ಅಭ್ಯಾಸ ದಯವಿಟ್ಟು ಬೇಡ. ಎಣ್ಣೆಯ ಜಿಡ್ಡಿಗೆ ದೂಳು ಹಿಡಿದು ಕಲ್ಲಿನ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಸೀಮೆಸುಣ್ಣ ಉಜ್ಜಿ ತೆಗೆಯುವಾಗ ಅಕ್ಷರದ ಅಂಚು ಸವೆಯುತ್ತದೆ. ಇವೆಲ್ಲ ಕಾನೂನಿನ ರಕ್ಷಣೆ ಇರುವ ಸ್ಮಾರಕಗಳಾದ್ದರಿಂದ ಅದು ಅಪರಾಧವೂ ಹೌದು.

ದುರ್ಬೀನು. ಬಳ್ಳಿಗಾವಿಯ ಗಂಡಭೇರುಂಡ ಕಂಬದ ತುದಿಯಲ್ಲಿದೆ, ಕೇದಾರೇಶ್ವರದ ಶಿಖರದ ಹೊಯ್ಸಳ ಲಾಂಛನವೂ ಎತ್ತರದಲ್ಲಿದೆ. ಒಂದು ಗುಂಪಿಗೆ ಒಂದು ಸಾಕು.

ಶಾಸನಗಳ ಪಾಠದ ಪ್ರತಿ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ತಾಳಗುಂದದ ಕಂಬಕ್ಕೆ ಅದರಲ್ಲಿ "ಶಿಕಾರಿಪುರ 176" ಎಂಬ ಸಂಖ್ಯೆ. ಗೈಡ್‌ಗೆ ಮೊದಲೇ ಹೇಳಿ ನಾಲ್ಕೈದು ಶಾಸನಗಳ ಪಾಠವನ್ನು ನೆರಳಚ್ಚು ಮಾಡಿಸಿ ಎಲ್ಲರ ಕೈಗೆ ಕೊಟ್ಟರೆ ಆ ದಿನದ ಮಾತಿನ ಮಟ್ಟವೇ ಬದಲಾಗುತ್ತದೆ.

ಕೈಯಲ್ಲಿ ಹಿಡಿದ ಕ್ಯಾಮೆರಾ, ಮೊಬೈಲ್‌ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಡ್ರೋನ್ ಹಾರಿಸಲು, ಸ್ಟ್ಯಾಂಡ್ ನಿಲ್ಲಿಸಿ ಚಿತ್ರೀಕರಣ ಮಾಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದು ಸ್ಥಳದಲ್ಲಿ ಕಾವಲುಗಾರರನ್ನು ಓಲೈಸಿ ಪಡೆಯುವಂಥದ್ದಲ್ಲ.

ಹಂತ 5: ಹೊರಡುವ ಮುಂಚೆ ಒಂದಿಷ್ಟು ಪಾಠ

ದಾರಿಯಲ್ಲಿ ಎರಡು ಗಂಟೆ ಕೂತಿರುತ್ತೀರಿ, ಗಾಡಿಯಲ್ಲೇ ಗೈಡ್ ಇದನ್ನು ಮುಗಿಸಬಹುದು. ಕೆಲವು ಮಾತುಗಳ ಅರ್ಥ ಗೊತ್ತಿದ್ದರೆ ಸ್ಥಳದಲ್ಲಿ ಹೊತ್ತು ಉಳಿಯುತ್ತದೆ.

ತ್ರಿಕೂಟ ಎಂದರೆ ಒಂದೇ ನಡುಮಂಟಪಕ್ಕೆ ಮೂರು ಗರ್ಭಗುಡಿ ಇರುವ ದೇವಾಲಯ. ಸುಕನಾಸಿ ಎಂದರೆ ಗರ್ಭಗುಡಿಯ ಮುಂದಿನ ಪುಟ್ಟ ಅಂಕಣ; ಅದರ ಮೇಲೆ ಶಿಖರದಿಂದ ಮೂಗಿನ ಹಾಗೆ ಮುಂದೆ ಚಾಚಿದ ಭಾಗಕ್ಕೂ ಅದೇ ಹೆಸರು. ಜಾಲಂಧ್ರ ಎಂದರೆ ಗಾಳಿ ಬೆಳಕಿಗೆಂದು ತೂತು ಕೊರೆದ ಕಲ್ಲಿನ ಪರದೆ. ಕಾಳಾಮುಖರು ಶೈವರ ಒಂದು ಪಂಥ, ಬಳ್ಳಿಗಾವಿಯ ದೊಡ್ಡ ಮಠ ಅವರದು. ಅಗ್ರಹಾರ ಓದಿದ ಬ್ರಾಹ್ಮಣರಿಗೆ ಬಿಟ್ಟ ಊರು, ಘಟಿಕಾ ಮೇಲಿನ ವಿದ್ಯಾಭ್ಯಾಸದ ಕೇಂದ್ರ.

ಬಿಡಿಯಾಗಿ ನಿಂತ ಕಲ್ಲುಗಳನ್ನು ಗುರುತಿಸುವುದು ಮಕ್ಕಳಿಗೂ ಬರುತ್ತದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸದಲ್ಲಿ ಅವನು ಲಿಂಗದ ಮುಂದೆ ಕೂತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿನಿಂದ ಶುರು ಮಾಡಿದರೆ ಕಥೆ ತಿರುಗುಮುರುಗಾಗುತ್ತದೆ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟ ಕೈ ಮೊಣಕೈ ಮಡಚಿ ಎತ್ತಿರುತ್ತದೆ, ಅದು ಸಹಗಮನ ಮಾಡಿದ ಹೆಣ್ಣಿನ ಗುರುತು. ನಿಷಿಧಿ ಜೈನರದು, ಸಲ್ಲೇಖನ ವ್ರತ ಹಿಡಿದು ಅನ್ನ ನೀರು ಬಿಟ್ಟು ದೇಹ ತೊರೆದವರ ನೆನಪಿನ ಕಲ್ಲು. ಕಲ್ಲಿನ ತಲೆಯಲ್ಲಿ ಸೂರ್ಯ, ಚಂದ್ರ, ಹಸು ಕರು, ನಡುವೆ ಲಿಂಗ ಕಂಡರೆ, ಕೆಳಗೆ ಸಾಲು ಸಾಲು ಬರಹವಿದ್ದರೆ, ಹೆಚ್ಚಿನಂಶ ಅದು ದಾನಶಾಸನ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಲಿ ಎಂಬುದು ಆ ಚಿತ್ರದ ಅರ್ಥ.

ಕಾಲದ ಲೆಕ್ಕಕ್ಕೆ ಎರಡು ಕೂಡಿಕೆ ಸಾಕು. ಶಕವರ್ಷಕ್ಕೆ 78 ಕೂಡಿಸಿ. "ಚಾಳುಕ್ಯ ವಿಕ್ರಮ ವರ್ಷ" ಎಂದಿದ್ದರೆ 1075 ಕೂಡಿಸಿ, ಯಾಕೆಂದರೆ ಆರನೆಯ ವಿಕ್ರಮಾದಿತ್ಯ ತನ್ನ ಹೆಸರಿನ ಶಕೆ ಶುರು ಮಾಡಿದ್ದು 1076ರಲ್ಲಿ. ಒಂದು ವರ್ಷದ ಆಚೀಚೆ ಬಂದರೆ ಗಾಬರಿ ಬೇಡ. ಯುಗಾದಿಗೆ ವರ್ಷ ತಿರುಗುವುದರಿಂದ ಹಾಗಾಗುತ್ತದೆ.

ಹಂತ 6: ಬಳ್ಳಿಗಾವಿ, ಬೆಳಿಗ್ಗೆ 8.30ರಿಂದ 12ರವರೆಗೆ

ಶಿವಮೊಗ್ಗ ಬಿಡುವುದು 6 ಗಂಟೆಗೆ. ತಿಂಡಿ ಶಿಕಾರಿಪುರದಲ್ಲಿ. ಶೌಚಾಲಯದ ಕೆಲಸವೂ ಅಲ್ಲೇ ಮುಗಿಯಲಿ, ಮುಂದೆ ಶುಚಿಯಾದದ್ದು ಸಿಗುತ್ತದೆಂಬ ಭರವಸೆ ಬೇಡ.

ಮೊದಲು ಕೇದಾರೇಶ್ವರ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಮುಂಭಾಗಕ್ಕೆ ಬೀಳುವ ಹೊತ್ತಿನಲ್ಲಿ ಹೊರಗಿನ ಕೆತ್ತನೆ ನೋಡಿ ಮುಗಿಸಿ, ಆಮೇಲೆ ಒಳಗೆ ಹೋಗಿ. ಹಲವರು ಇದನ್ನು ಉಲ್ಟಾ ಮಾಡಿ, ಹೊರಗೆ ಬರುವಾಗ ಸೂರ್ಯ ನೆತ್ತಿಗೇರಿ ಫೋಟೊ ಸಪ್ಪೆಯಾಯಿತು ಎನ್ನುತ್ತಾರೆ. ಅರ್ಚಕರು ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಹೋಗಬಹುದು, ಈ ಗುಡಿಯನ್ನು ಮೊದಲಿಗೆ ಇಡಲು ಅದೂ ಒಂದು ಕಾರಣ.

ಇದು ತ್ರಿಕೂಟ. ಪಶ್ಚಿಮ, ದಕ್ಷಿಣದ ಗರ್ಭಗುಡಿಗಳಲ್ಲಿ ಲಿಂಗ, ಉತ್ತರದ್ದರಲ್ಲಿ ವಿಷ್ಣು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಯಾದರೂ ಸುಕನಾಸಿಯ ಮೇಲೆ ಸಳ ಹುಲಿಯೊಂದಿಗೆ ಸೆಣಸುವ ಹೊಯ್ಸಳ ಲಾಂಛನ ಕಾಣುತ್ತದೆ, ಅದು ಹೊಯ್ಸಳರ ಕಾಲದ ಸೇರ್ಪಡೆ. ದುರ್ಬೀನು ತೆಗೆಯುವುದು ಇಲ್ಲಿ. ಬಳಸಿರುವುದು ಬಳಪದ ಕಲ್ಲು. ನೆಲದಿಂದ ಹೊಸದಾಗಿ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವುದರಿಂದ ಕಂಬಗಳನ್ನು ಅಷ್ಟು ನುಣುಪಾಗಿ ಕಡೆಯಲು ಆಗಿದೆ. ಬೇಲೂರು ನೋಡಿದವರಿಗೆ ಇಲ್ಲೊಂದು ಮಾತು ಹೇಳಬೇಕು. ಅಲ್ಲಿನ ಮದನಿಕೆಯರಲ್ಲಿ ಕೆಲವರ ಕೆಳಗೆ ದಾಸೋಜ ಮತ್ತು ಅವನ ಮಗ ಚಾವಣನ ಸಹಿ ಇದೆ. ಆ ದಾಸೋಜ ಬಳ್ಳಿಗಾವಿಯವನು.

ಗುಡಿಯ ಅಂಗಳದಲ್ಲೇ ಗುಂಪನ್ನು ನೆರಳಿಗೆ ಕೂರಿಸಿ, ಕಾಳಾಮುಖರ ಕೋಡಿಯ ಮಠದ 1162ರ ಶಾಸನದ ಸಾರವನ್ನು ಗೈಡ್ ಓದಿ ಹೇಳಲಿ. ಇದಕ್ಕೆ ಇಪ್ಪತ್ತು ನಿಮಿಷ ಕೊಟ್ಟರೂ ನಷ್ಟವಿಲ್ಲ. ನಾಲ್ಕು ವೇದ, ಪಾಣಿನಿ, ಶಾಕಟಾಯನರ ವ್ಯಾಕರಣ, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನ ಇವೆಲ್ಲ ಆ ಮಠದಲ್ಲಿ ನಡೆಯುತ್ತಿದ್ದ ಪಾಠಗಳು. ದೀನರು, ಅನಾಥರು, ಕುಂಟರು, ಕುರುಡರು, ಗಾಯಕರು, ವಾದ್ಯ ನುಡಿಸುವವರು, ಜೈನ ಬೌದ್ಧ ಸನ್ಯಾಸಿಗಳು ಎಲ್ಲರಿಗೂ ಅಲ್ಲಿ ಅನ್ನ, ರೋಗಿಗಳಿಗೆ ಔಷಧ. ಈ ಊರಲ್ಲಿ ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಐವರಿಗೂ ನೆಲೆ ಇತ್ತು. ಇದು ತಲೆಯಲ್ಲಿದ್ದರೆ ಅಂಗಳದ ಬಿಡಿ ಮೂರ್ತಿಗಳನ್ನು ನೋಡುವ ಕಣ್ಣೇ ಬೇರೆ. ಅಲ್ಲಮಪ್ರಭು ಹುಟ್ಟಿದ ಊರು ಎಂದು ಪರಂಪರೆ ಹೇಳುವುದೂ ಇದನ್ನೇ.

ಎರಡನೆಯದು ತ್ರಿಪುರಾಂತಕೇಶ್ವರ, ಸುಮಾರು 1070ರ ಕಾಲದ್ದು. ಶಿಖರ ನೋಡಲು ಹೋಗಿ ನಿರಾಶರಾಗಬೇಡಿ. ಇಲ್ಲಿ ನೋಡಬೇಕಾದ್ದು ಬಾಗಿಲುವಾಡ ಮತ್ತು ಅದರ ಎರಡೂ ಪಕ್ಕದ ಜಾಲಂಧ್ರ. ಬಳ್ಳಿಯ ಸುರುಳಿಗಳ ನಡುವೆ ಕುಣಿಯುವವರನ್ನು ಕೊರೆದ ಪರದೆ ಅದು. ಹೊರಗೋಡೆಯ ಕೆಳಗಿನ ಪಟ್ಟಿಯಲ್ಲಿ ಪಂಚತಂತ್ರದ ಕಥೆಗಳಿವೆ. ಚಿಕ್ಕ ಗಾತ್ರದವು, ಮಂಡಿಯೂರಿ ನೋಡಬೇಕು. ಮಕ್ಕಳಿಗೆ ಹುಡುಕಲು ಬಿಡಿ, ದೊಡ್ಡವರಿಗಿಂತ ಬೇಗ ಹುಡುಕುತ್ತಾರೆ. ಅದೇ ಪಟ್ಟಿಯಲ್ಲಿ ಮಿಥುನ ಶಿಲ್ಪಗಳೂ ಇರುವುದರಿಂದ, ಶಾಲೆಯ ಗುಂಪು ಕರೆದೊಯ್ಯುವ ಮೇಷ್ಟ್ರುಗಳು ಉತ್ತರ ಸಿದ್ಧ ಇಟ್ಟುಕೊಂಡಿರುವುದು ಒಳ್ಳೆಯದು.

ಮೂರನೆಯದು ಭೇರುಂಡೇಶ್ವರ ಕಂಬ. 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ನಿಲ್ಲಿಸಿದ್ದು, ಎತ್ತರ ಸುಮಾರು 30 ಅಡಿ. ನಮ್ಮ ರಾಜ್ಯ ಲಾಂಛನದಲ್ಲಿ ಗಂಡಭೇರುಂಡ ಪೂರ್ತಿ ಹಕ್ಕಿ. ಇಲ್ಲಿರುವುದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕಾಲು ಗಂಟೆ ಸಾಕು.

ಹಂತ 7: ತಾಳಗುಂದ, 12.15ರಿಂದ 1.30

ಹೊತ್ತು ಕಡಿಮೆ, ಮಾತು ಹೆಚ್ಚು. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಹತ್ತಿರ ನೇರ ಹೋಗಿ. ಕಾಂಡ ಎಂಟು ಮುಖದ್ದು. ಸಾಲುಗಳು ಅಡ್ಡಕ್ಕೆ ಇಲ್ಲ, ಕಂಬದ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಓಡುತ್ತವೆ. ಗೊತ್ತಿಲ್ಲದವರು ಅಡ್ಡಕ್ಕೆ ಓದಲು ಹೋಗಿ ಇದು ಬರಿಯ ಗೀಚು ಎಂದುಕೊಳ್ಳುತ್ತಾರೆ. ತಲೆ ಓರೆ ಮಾಡಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಪ್ರತಿ ಅಕ್ಷರದ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಚೌಕ ಕಾಣುತ್ತದೆ. ಆ ಕಾಲದ ಬ್ರಾಹ್ಮಿ ಲಿಪಿಯ ಪೆಟಿಕಾಶಿರ ಎನ್ನುವ ಬಗೆ ಅದು.

ಶಾಸನ ಕದಂಬ ಶಾಂತಿವರ್ಮನ ಕಾಲದ್ದು, ಸುಮಾರು 450. ಬರೆದ ಕವಿ ಕುಬ್ಜ. "ಸಿದ್ಧಂ ನಮಶ್ಶಿವಾಯ" ಎಂದು ಶುರು. ಮಯೂರಶರ್ಮ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾದದ್ದು, ದರ್ಭೆ ಹಿಡಿದ ಕೈಗೆ ಕತ್ತಿ ಬಂದದ್ದು, ಶ್ರೀಪರ್ವತದ ಕಾಡಿನಲ್ಲಿ ನೆಲೆನಿಂತು ಬಾಣರಿಂದ ಕಪ್ಪ ವಸೂಲು ಮಾಡಿದ್ದು, ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಂಡದ್ದು, ಎಲ್ಲ ಇದರಲ್ಲಿದೆ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟದ್ದು, ಇಲ್ಲಿ ಕೆರೆ ಕಟ್ಟಿಸಿದ್ದು ಸಹ. ಈ ದೇವರನ್ನು ಮೊದಲು ಸಾತಕರ್ಣಿ ಎಂಬ ಹಿಂದಿನ ದೊರೆಯೂ ಪೂಜಿಸಿದ್ದನೆಂದು ಕವಿ ಹೇಳುತ್ತಾನೆ. ಎಂದರೆ 1,500 ವರ್ಷದ ಹಿಂದೆ ಕಂಬ ನೆಡುವಾಗಲೇ ಈ ಜಾಗ ಹಳತಾಗಿತ್ತು.

ಇಲ್ಲಿ ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: "ಹಲ್ಮಿಡಿಗಿಂತ ಹಳೆಯ ಕನ್ನಡ ಶಾಸನ ಸಿಕ್ಕಿದ್ದು ಇದೇನಾ?" ಕಂಬ ಅದಲ್ಲ. ಅದು 2013ರಲ್ಲಿ ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನ. ಕಟಾಂಜನ ಎಂದರೆ ಮೆಟ್ಟಿಲ ಪಕ್ಕದ ಕೈತಡೆ, ಅದಕ್ಕೆ ಸಿಂಹದ ಆಕಾರ. ಇಲಾಖೆ ಅದಕ್ಕೆ ಕೊಟ್ಟ ಕಾಲ 370. ಕಂಬದ ಪಕ್ಕದಲ್ಲೇ ಕಾಣುತ್ತದೆ ಎಂದುಕೊಂಡು ಹುಡುಕಾಡಬೇಡಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಹಂತ 8: ಊಟ

ಶಿರಾಳಕೊಪ್ಪದ ಹೋಟೆಲಿನಲ್ಲಿ, ಅಥವಾ ಬುತ್ತಿ. ಹದಿನೈದು ಜನ ಒಟ್ಟಿಗೆ ಹೋಗುವುದಾದರೆ ಬೆಳಿಗ್ಗೆ ಹಾದುಹೋಗುವಾಗಲೇ ಹೋಟೆಲಿಗೆ ಹೇಳಿಡಿ, ಇಲ್ಲದಿದ್ದರೆ ಊಟಕ್ಕೇ ಒಂದೂವರೆ ಗಂಟೆ. ಬುತ್ತಿಯಾದರೆ ಚಿತ್ರಾನ್ನ, ಚಪಾತಿ ಸರಿ. ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ. ನೀರು ತುಂಬಿಸಿಕೊಳ್ಳುವುದೂ ಇಲ್ಲೇ, ಬಂದಳಿಕೆಯಲ್ಲಿ ಅಂಗಡಿ ನಂಬಿ ಹೋಗಬೇಡಿ.

ಹಂತ 9: ಬಂದಳಿಕೆ, 3ರಿಂದ 5

ಕೊನೆಗೆ ಇಟ್ಟಿದ್ದು ಬೇಕೆಂದೇ. ಇಲ್ಲಿನ ಗುಡಿಗಳು ಚದುರಿವೆ, ಬಯಲಲ್ಲಿ ಓಡಾಡಬೇಕು, ಇಳಿಬಿಸಿಲೇ ವಾಸಿ. ಬಂದಳಿಕೆ ನಾಗರಖಂಡ 70 ಎಂಬ ನಾಡಿನ ಮುಖ್ಯ ಊರಾಗಿತ್ತು. ನೋಡುವ ಕ್ರಮ: ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ.

ಬಸದಿಯ ಹತ್ತಿರ ಗೈಡ್ ಜಕ್ಕಿಯಬ್ಬೆಯ ಕಥೆ ಹೇಳದಿದ್ದರೆ ಕೇಳಿ ಹೇಳಿಸಿ. ರಾಷ್ಟ್ರಕೂಟರ ಕಾಲ, ಹತ್ತನೆಯ ಶತಮಾನದ ಮೊದಲ ಭಾಗ. ಗಂಡ ಯುದ್ಧದಲ್ಲಿ ಸತ್ತ ಮೇಲೆ ನಾಗರಖಂಡದ ನಾಳ್ಗಾವುಂಡಿಕೆ, ಅಂದರೆ ನಾಡಿನ ಆಡಳಿತ, ಅವಳಿಗೆ ಬಂತು. ವರ್ಷಗಟ್ಟಲೆ ಆಳಿ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಸೋಮೇಶ್ವರದಲ್ಲಿ ಬಾಗಿಲಿನ ಅಕ್ಕಪಕ್ಕದ ಜಾಲಂಧ್ರಕ್ಕೆ ಹೊತ್ತು ಇಟ್ಟುಕೊಳ್ಳಿ. ರಾಮಾಯಣ, ಮಹಾಭಾರತದ ಸನ್ನಿವೇಶಗಳನ್ನು ಪಟ್ಟಿ ಪಟ್ಟಿಯಾಗಿ ಕೊರೆದಿದ್ದಾರೆ. ಬೆಳಿಗ್ಗೆ ತ್ರಿಪುರಾಂತಕದಲ್ಲಿ ನೋಡಿದ ಪರದೆಯ ಫೋಟೊ ತೆರೆದು ಪಕ್ಕಕ್ಕಿಟ್ಟು ಹೋಲಿಸಿ ನೋಡಿ.

ಇನ್ನು ಉಣುಗಿನ ಮಾತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನಲ್ಲೇ ಇದೆ. ಸೋಂಕು ಹರಡುವುದು ಉಣುಗು ಕಚ್ಚಿದಾಗ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ನಡುವೆ. ಪ್ರವಾಸದ ಒಳ್ಳೆಯ ತಿಂಗಳುಗಳಲ್ಲಿ ಹೆಚ್ಚಿನವೂ ಅದರಲ್ಲೇ ಬರುತ್ತವೆ. ಹೆದರಿ ಹೋಗದಿರುವ ಅಗತ್ಯವಿಲ್ಲ, ಆದರೆ ಪೊದೆಗೆ ನುಗ್ಗಬೇಡಿ, ಒಣ ಎಲೆಯ ಮೇಲೆ ಕೂರಬೇಡಿ. ಪೂರ್ತಿ ಕಾಲು ಮುಚ್ಚುವ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸೇರಿಸಿ. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುವ, ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಹಾವಿನ ಭಯ ಇರುವುದರಿಂದ ಬಿದ್ದ ಕಲ್ಲುಗಳ ಸಂದಿಗೆ ಕೈ ಹಾಕುವುದು, ಕಲ್ಲು ಮಗುಚಿ ನೋಡುವುದು ಬೇಡವೇ ಬೇಡ.

ಹಂತ 10: ವಾಪಸು

ಡಿಸೆಂಬರ್‌ನಲ್ಲಿ ಆರು ಗಂಟೆಗೆ ಹೊತ್ತು ಮುಳುಗುತ್ತದೆ. ಐದು ಕಾಲಿಗೆ ಗಾಡಿ ಹೊರಟರೆ ಹಳ್ಳಿ ದಾರಿ ಬೆಳಕಿರುವಾಗಲೇ ಮುಗಿಯುತ್ತದೆ, ಎಂಟರೊಳಗೆ ಶಿವಮೊಗ್ಗ. ಭತ್ತ, ಮೆಕ್ಕೆಜೋಳದ ಕೊಯ್ಲಿನ ಸಮಯದಲ್ಲಿ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಓಡುತ್ತವೆ, ಕೆಲವು ಕಡೆ ಕಣಕ್ಕೆ ರಸ್ತೆಯನ್ನೇ ಬಳಸುತ್ತಾರೆ. ಡ್ರೈವರ್‌ಗೆ ಅವಸರ ಮಾಡಬೇಡಿ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಮೊಣಕಾಲ ಸಂದಿ ನೋಡಿಕೊಳ್ಳಿ. ಮುಂದಿನ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ವೈದ್ಯರಲ್ಲಿಗೆ ಹೋಗಿ, ಎಲ್ಲಿ ಓಡಾಡಿದ್ದಿರಿ ಎಂಬುದನ್ನೂ ಹೇಳಿ.

ಸ್ವಂತ ಗಾಡಿ ಇಲ್ಲದವರಿಗೆ

ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪಕ್ಕೆ ಸರ್ಕಾರಿ, ಖಾಸಗಿ ಬಸ್ಸುಗಳಿವೆ. ಶಿರಾಳಕೊಪ್ಪದಲ್ಲಿ ಇಳಿದು ಬಳ್ಳಿಗಾವಿ, ತಾಳಗುಂದ ಎರಡಕ್ಕೂ ಒಂದೇ ಆಟೊ ಮಾತಾಡಿಕೊಳ್ಳಿ. ಕಾಯುವ ಹೊತ್ತು ಸೇರಿ ಎಷ್ಟು ಎಂದು ಕೇಳಿ, ಹೋಗುವ ದುಡ್ಡು ಕೇಳಿ ಹತ್ತಿದರೆ ವಾಪಸು ಬರುವಾಗ ಚೌಕಾಸಿಗೆ ಜಾಗವಿರುವುದಿಲ್ಲ. ಗೈಡ್ ಶಿರಾಳಕೊಪ್ಪ ಬಸ್ ಸ್ಟ್ಯಾಂಡಿಗೇ ಬರಲಿ. ಬಂದಳಿಕೆಯನ್ನು ಬಸ್ಸಿನ ಪ್ರವಾಸದಲ್ಲಿ ಕೈಬಿಡುವುದೇ ಒಳ್ಳೆಯದು. ಆಟೊದವರು ಒಪ್ಪಿದರೂ, ಅಲ್ಲಿಂದ ತಿರುಗಿ ಶಿರಾಳಕೊಪ್ಪ ತಲುಪಿ ಶಿವಮೊಗ್ಗದ ಬಸ್ ಹಿಡಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅವೆರಡನ್ನೇ ನಿಧಾನಕ್ಕೆ ನೋಡಿ, ನಾಲ್ಕು ಗಂಟೆಯ ಆಸುಪಾಸಿನ ಬಸ್ಸಿಗೆ ಹತ್ತಿಬಿಡಿ.